ಅರ್ಥ ಹೇಳಿದ ಮೇಲೆ ನಗು

ನಮ್ಮ ಮನೆಯಲ್ಲಿ ಯಾರಾದರೂ ತಮಾಷೆಯ ಮಾತು ಆಡಿದರೆ, ಎಲ್ಲರೂ ನಕ್ಕು ಮುಗಿಸಿ ಕಾಫಿ ಲೋಟಕ್ಕೆ ಕೈಹಾಕಿದ ಮೇಲೆ ನಾನು ನಗುತ್ತೇನೆ. ಇದು ನನ್ನ ಬಹಳ ಹಳೆಯ ಚಾಳಿ. ಮಾತು ತಿಳಿಯುವುದಿಲ್ಲ ಎಂದಲ್ಲ. ತಿಳಿಯುತ್ತದೆ, ಆದರೆ ಯಾರೋ ಅಪ್ಪಣೆ ಕೊಡಬೇಕು ಎನ್ನುವವನ ಹಾಗೆ ಒಂದು ಗಳಿಗೆ ಸುಮ್ಮನೆ ಕೂತುಬಿಡುತ್ತೇನೆ. "ತಾತಂಗೆ ನಗು ಪ್ಯಾಸೆಂಜರ್ ರೈಲಲ್ಲಿ ಬರ್ತೈತೆ" ಎಂದು ಮೊಮ್ಮಗಳು ಹಂಗಿಸುತ್ತಾಳೆ. ಮೊನ್ನೆ ರೇಡಿಯೋದಲ್ಲಿ ಯಾವುದೋ ಪ್ರಹಸನ ಬಂತು. ನಾನು ನಗುವ ಹೊತ್ತಿಗೆ ಪ್ರಹಸನ ಮುಗಿದು ಪೇಟೆ ಧಾರಣೆ ಶುರುವಾಗಿತ್ತು. ಮೆಣಸಿನಕಾಯಿ ಧಾರಣೆ ಇಳಿದದ್ದಕ್ಕೆ ಮಾವ ಯಾಕೆ ನಗುತ್ತಿದ್ದಾರೆ ಎಂದು ಸೊಸೆ ಗಾಬರಿಯಾದಳು.

ಈ ಚಾಳಿ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಹೊನ್ನಾಳಿಗೆ ಹೋಗಬೇಕು. ಆದರೆ ಹೋಗುವ ದಾರಿಯಲ್ಲಿ ಚನ್ನಗಿರಿಯಲ್ಲಿ ಸ್ವಲ್ಪ ಇಳಿಯೋಣ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ನಮ್ಮ ಕಡೆ ಪುಸ್ತಕ ಓದುವುದು ಎಂದರೆ ಇಬ್ಬರ ಕೆಲಸ. ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ನಡೆಯುವಾಗ ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಓದುವವರು ಪದ್ಯ ಎತ್ತಿದಾಗ ಅವಳ ಕೈ ಓಡುತ್ತಿತ್ತು, ಅರ್ಥ ಹೇಳುವವರು "ಅಂದರೆ" ಎಂದ ಕೂಡಲೆ ಕೈ ನಿಲ್ಲುತ್ತಿತ್ತು. ಓದಿದ್ದು ದೇವರಿಗೆ, ಅರ್ಥ ನಮಗೆ ಎಂಬುದು ಅವಳ ಲೆಕ್ಕಾಚಾರ.

ಅಜ್ಜಿಯ ಈ ಅಭ್ಯಾಸ ಎಲ್ಲಿಯವರೆಗೆ ಹೋಗಿತ್ತೆಂದರೆ, ನಲ್ಲೂರಿನಿಂದ ಸೋದರತ್ತೆಯ ಕಾರ್ಡು ಬಂದರೂ ಅಪ್ಪ ಅದನ್ನು ಓದಿ ಮುಗಿಸಿದ ಮೇಲೆ "ಈಗ ಅರ್ಥ ಹೇಳು" ಎನ್ನುತ್ತಿದ್ದಳು. ಕಾರ್ಡಿನಲ್ಲಿ ಇದ್ದದ್ದು "ನಾವೆಲ್ಲ ಕ್ಷೇಮ" ಎಂಬ ಒಂದೇ ಸಾಲು. ಅಪ್ಪ ಗಂಟಲು ಸರಿಮಾಡಿಕೊಂಡು, "ಅಂದರೆ, ಅಕ್ಕನಿಗೆ ಸೊಂಟನೋವು ಬಿಟ್ಟೈತೆ, ಮಕ್ಕಳಿಗೆ ಜ್ವರ ಇಲ್ಲ, ಎಮ್ಮೆ ಹಾಲು ಕೊಡ್ತೈತೆ" ಎಂದು ವಿವರಿಸಬೇಕಾಗುತ್ತಿತ್ತು. ಅಷ್ಟಾದ ಮೇಲೆಯೇ ಅಜ್ಜಿಗೆ ಸಮಾಧಾನ. ಅಪ್ಪ ಆ ಎಮ್ಮೆಯನ್ನು ಎಲ್ಲಿಂದ ತರುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇಂಥ ಮನೆಯಲ್ಲಿ ಬೆಳೆದವನು ಮಹಾಯುದ್ಧದ ಕಾಲದಲ್ಲಿ ಹೊನ್ನಾಳಿಗೆ ಮೇಷ್ಟ್ರಾಗಿ ಬಂದೆ. ಇಪ್ಪತ್ತಮೂರು ವಯಸ್ಸು. ಪೆಟ್ಟಿಗೆಯಲ್ಲಿ ಎರಡು ಪಂಚೆ, ಒಂದು ಕೋಟು, ಮತ್ತು ಸೋದರಮಾವನ ಅಟ್ಟದ ಮೇಲೆ ಸಿಕ್ಕಿದ್ದ ಒಂದು ನಾಟಕದ ಪುಸ್ತಕ. ರಟ್ಟು ಹೋಗಿತ್ತು. ಮೊದಲ ಎಂಟು ಪುಟ ಗೆದ್ದಲಿಗೆ ಊಟವಾಗಿತ್ತು. ಹಾಗಾಗಿ ಅದರ ಹೆಸರೇನು, ಬರೆದವರು ಯಾರು ಎಂದು ತಿಳಿಯುವಂತಿರಲಿಲ್ಲ. ನಮ್ಮ ಅಪ್ಪಂದಿರ ಕಾಲದಲ್ಲಿ ಕಂಪನಿಯವರು ಊರೂರಲ್ಲಿ ಡೇರೆ ಹಾಕಿ ಆಡಿ, ಜನರನ್ನು ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದ ನಾಟಕ ಎಂದು ಮಾವ ಹೇಳಿದ್ದ. ನಾವು ಅದನ್ನು ಕಿವುಡನ ನಾಟಕ ಎಂದು ಕರೆಯುತ್ತಿದ್ದೆವು.

ಕತೆ ಸರಳ. ಒಬ್ಬ ಧಣಿ. ಮನೆಯವರು ತನ್ನ ಬೆನ್ನ ಹಿಂದೆ ಏನು ಆಡಿಕೊಳ್ಳುತ್ತಾರೆ ಎಂದು ತಿಳಿಯುವ ಚಪಲ ಅವನಿಗೆ. ಒಂದು ಬೆಳಿಗ್ಗೆ ಎದ್ದವನೇ ತನ್ನ ಎರಡು ಕಿವಿಯೂ ಹೋದವು ಎಂದು ಸುಳ್ಳು ಹೇಳುತ್ತಾನೆ. ಅಲ್ಲಿಂದ ಮುಂದೆ ಹೆಂಡತಿ, ಆಳು, ಅಳಿಯ ಎಲ್ಲರೂ ಅವನ ಮುಖಕ್ಕೇ ಮನಸ್ಸಿನಲ್ಲಿದ್ದದ್ದನ್ನು ಹೇಳತೊಡಗುತ್ತಾರೆ. ಅವನು ಕೇಳಿಸಿಕೊಂಡೂ ಕೇಳದವನಂತೆ ಕೂತಿರಬೇಕು.

ಹೊನ್ನಾಳಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಶಿವಲಿಂಗಪ್ಪನವರಿಗೆ ಪುಸ್ತಕದ ಹುಚ್ಚು. ಯುದ್ಧದ ದೆಸೆಯಿಂದ ಅಂಗಡಿಯಲ್ಲಿ ಬಟ್ಟೆ ಕಡಿಮೆ, ಪುರಸೊತ್ತು ಜಾಸ್ತಿ. ಸೀಮೆಎಣ್ಣೆಗೂ ತತ್ವಾರವಾಗಿದ್ದರಿಂದ ರಾತ್ರಿ ಓದುವ ಮಾತಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರ ಅಂಗಡಿಯ ಗಾದಿಯ ಮೇಲೆ ನಾವು ನಾಲ್ಕು ಜನ ಸೇರುತ್ತಿದ್ದೆವು. ನಾನು ಧಣಿಯ ಮಾತು ಓದುವವನು. ಶಿವಲಿಂಗಪ್ಪನವರದು ಧಣಿಯ ಹೆಂಡತಿಯ ಪಾಲು. ಅವರು ಸ್ಥೂಲ ಶರೀರದವರು, ಎರಡು ಬೆರಳು ದಪ್ಪದ ಮೀಸೆ. ಆ ಮೀಸೆಯೊಳಗಿಂದ "ಅಯ್ಯೋ ನನ್ನ ಹಣೆಬರವೇ" ಎಂದು ಅಳುವಾಗ ಅವರ ಕಣ್ಣಲ್ಲಿ ನಿಜವಾದ ನೀರು ಬರುತ್ತಿತ್ತು. ಆಳಿನ ಪಾಲು ಹಾಲಪ್ಪನದು. ಅವನು ನ್ಯಾಮತಿಯಲ್ಲಿ ಕಿರಾಣಿ ಅಂಗಡಿಯವನು, ನನಗಿಂತ ನಾಲ್ಕು ವರ್ಷ ದೊಡ್ಡವನು, ಭಾನುವಾರದ ಬಸ್ಸಿಗೆ ತಪ್ಪದೆ ಬರುತ್ತಿದ್ದ. ಬರುವಾಗ ಒಂದು ಚೀಲ ಮಂಡಕ್ಕಿ ತರುತ್ತಿದ್ದ. ಓದುವಾಗ ಮಂಡಕ್ಕಿ ತಿನ್ನಕೂಡದು, ಕುರುಕುರು ಸದ್ದಿನಲ್ಲಿ ಮಾತು ಕೇಳುವುದಿಲ್ಲ ಎಂದು ನಿಯಮ ಮಾಡಿಕೊಂಡಿದ್ದೆವು. ನಿಯಮವನ್ನು ಮೊದಲು ಮುರಿಯುತ್ತಿದ್ದವನು ನಾನೇ.

ನಾಲ್ಕನೆಯವರು ರುದ್ರಯ್ಯನವರು. ಜಗಳೂರಿನಲ್ಲಿ ಮೂವತ್ತು ವರ್ಷ ಕನ್ನಡ ಪಂಡಿತರಾಗಿದ್ದು, ಪೆನ್ಷನ್ ಆದ ಮೇಲೆ ಹೊನ್ನಾಳಿಯಲ್ಲಿ ಮಗಳ ಮನೆಯಲ್ಲಿದ್ದರು. ತೆಳ್ಳಗೆ, ಉದ್ದಕ್ಕೆ, ಇಸ್ತ್ರಿ ಮಾಡಿದ ಶಲ್ಯದ ಹಾಗೆ ಇದ್ದರು. ನಮಗೆಲ್ಲ ಅವರು "ಅಯ್ನೋರು". ಕಿವಿ ಸ್ವಲ್ಪ ಮಂದ, ಮಾತನಾಡಿಸಿದರೆ ಅಂಗೈಯನ್ನು ಕಿವಿಗೆ ಆನಿಸಿ "ಆಂ?" ಎನ್ನುತ್ತಿದ್ದರು. ಅವರ ಕೆಲಸ ಅರ್ಥ ಹೇಳುವುದು.

ಹಾಸ್ಯ ನಾಟಕಕ್ಕೆ ಅರ್ಥ ಹೇಳುವುದೇ ಎಂದು ನೀವು ಕೇಳಬಹುದು. ಆಗ ಅದು ನಮಗೆ ಹೊಳೆಯಲೇ ಇಲ್ಲ. ಅರ್ಥ ಹೇಳುವವರಿಲ್ಲದೆ ಪುಸ್ತಕ ಓದಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಪುಸ್ತಕವನ್ನು ವಾರವೆಲ್ಲ ಅವರ ಮನೆಯಲ್ಲೇ ಇಡುತ್ತಿದ್ದೆವು, ಅವರು ತಯಾರಿ ಮಾಡಿಕೊಳ್ಳುತ್ತಿದ್ದರು. ಶನಿವಾರ ನಾನು ಹೋಗಿ ಮಾರನೆಯ ದಿನದ ಪಾಠದಷ್ಟನ್ನು ಹಳೆಯ ಉತ್ತರ ಪತ್ರಿಕೆಗಳ ಹಿಂಬದಿಯಲ್ಲಿ ನಕಲು ಮಾಡಿಕೊಂಡು ಬರುತ್ತಿದ್ದೆ. ಮುಂದಿನ ಪುಟ ತಿರುವಬಾರದು ಎಂದು ಅವರ ಕಟ್ಟಪ್ಪಣೆ.

ಓದು ಹೀಗೆ ನಡೆಯುತ್ತಿತ್ತು. ಆಳು ಧಣಿಯ ಮುಂದೆ ಬಂದು ಸೊಂಟ ಬಗ್ಗಿಸಿ, ಕೈಮುಗಿದು, ಬಹಳ ವಿನಯದಿಂದ "ನಿಮ್ಮ ತಲೆಯೊಳಗೆ ಬರೀ ಹೊಟ್ಟು ತುಂಬಿದೆ ಸ್ವಾಮಿ" ಎನ್ನುತ್ತಾನೆ. ಹಾಲಪ್ಪ ಇದನ್ನು ಸೊಗಸಾಗಿ ಓದುತ್ತಿದ್ದ. ನಮಗೆ ನಗು ಗಂಟಲಿಗೆ ಬಂದಿರುತ್ತಿತ್ತು. ಅಷ್ಟರಲ್ಲಿ ರುದ್ರಯ್ಯನವರ ಕೈ ಮೇಲೇಳುತ್ತಿತ್ತು.

"ಅಂದರೆ, ಆಳಿನ ಕೈಯಾಗೆ ಭಕ್ತಿ ಐತೆ, ಬಾಯಾಗೆ ಬೈಗುಳ ಐತೆ. ಧಣಿಗೆ ಕೇಳ್ಸೈತೆ. ಕೇಳ್ಸೈತೆ ಅಂಬೋದು ನಮಗೆ ಗೊತ್ತೈತೆ. ಆಳಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಅವನು ಧೈರ್ಯವಾಗಿ ಬೈತಾನೆ. ಗೊತ್ತಿರೋದರಿಂದ ನಾವು ನಗಬೇಕು."

ಆಗ ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು, ಹಲ್ಲಿಲ್ಲದ ಬಾಯಿ ಅಗಲಿಸಿ, ಕಣ್ಣು ಮುಚ್ಚಿ, ಮಗುವಿನ ಹಾಗೆ. ಆರು ತಿಂಗಳಾದರೂ ಮೊದಲ ಅಂಕ ಮುಗಿದಿರಲಿಲ್ಲ.

ಹಾಲಪ್ಪನಿಗೆ ಇದು ತಡೆಯದಾಯಿತು. ಅವನು ಗಿರಾಕಿ ಬಾಯಿ ತೆರೆಯುವ ಮೊದಲೇ ಬೆಲ್ಲ ಕಟ್ಟಿಕೊಡುವ ಮನುಷ್ಯ. ಒಂದು ಭಾನುವಾರ ಓದು ಮುಗಿದು ಮಂಡಕ್ಕಿ ಸುತ್ತ ಕೂತಿದ್ದಾಗ ಸಿಟ್ಟಿನಿಂದಲೇ ಶುರುಮಾಡಿದ.

"ಹಿಂಗಾದ್ರೆ ಈ ನಾಟಕ ಮುಗಿಯಾಕೆ ನನ್ನ ಮಗನ ಮದುವೆ ಬರಬೇಕು. ನಗು ಬಿಸಿ ಇದ್ದಾಗ ನಗಬೇಕ್ರಿ, ಆರಿಸಿ ಆರಿಸಿ ಕೊಟ್ರೆ ಹೆಂಗೆ?"

"ಮೆಲ್ಲಕೆ ಮಾತಾಡಪಾ" ಎಂದರು ಶಿವಲಿಂಗಪ್ಪನವರು.

"ಅಯ್ನೋರಿಗೆ ಎಲ್ಲಿ ಕೇಳ್ಸಬೇಕ್ರಿ?" ಎಂದ ಹಾಲಪ್ಪ. ರುದ್ರಯ್ಯನವರು ಅವನ ಪಕ್ಕದಲ್ಲೇ ಕೂತು, ಶಲ್ಯದ ತುದಿಯಿಂದ ಕನ್ನಡಕ ಒರೆಸುತ್ತಿದ್ದರು. "ಮುಂದಿನ ಭಾನುವಾರ ನೀವಿಬ್ಬರೂ ನ್ಯಾಮತಿಗೆ ಬರ್ರಿ. ನಮ್ಮ ಮನ್ಯಾಗೆ ಓದೋಣ, ನಾವು ಮೂರೇ ಜನ. ಅವ್ವ ಒಬ್ಬಟ್ಟು ಮಾಡ್ತಾಳೆ. ಪುಸ್ತಕ ಹೆಂಗಾರ ಮಾಡಿ ಮೇಷ್ಟ್ರು ಇಸ್ಕೊಂಡು ಬರ್ಲಿ. ಅಯ್ನೋರಿಗೆ ಹೊನ್ನಾಳ್ಯಾಗೆ ಓದು ಇಲ್ಲ ಅಂತ ಹೇಳಿದ್ರಾತು."

ನಾನು ಬೇಡ ಎನ್ನಬೇಕಾಗಿತ್ತು. ಎನ್ನಲಿಲ್ಲ. ಒಂದು ಸಲವಾದರೂ ನಗು ಬಂದ ಕೂಡಲೆ ನಗಬೇಕು ಎಂಬ ಆಸೆ ನನಗೂ ಇತ್ತು. ಒಬ್ಬಟ್ಟಿನ ಆಸೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಶನಿವಾರ ರುದ್ರಯ್ಯನವರ ಮನೆಗೆ ಹೋದೆ. ಅಂಗಳದಲ್ಲಿ ಅವರ ಮಗಳು ಸಿಕ್ಕರು. ತಂತಿಯ ಮೇಲೆ ಒಣಗುತ್ತಿದ್ದ ಶಲ್ಯ ತೋರಿಸಿ, "ನೋಡ್ರಿ ಮೇಷ್ಟ್ರೇ, ಭಾನುವಾರ ಬಂತು ಅಂದ್ರೆ ನಮ್ಮಪ್ಪಂಗೆ ಹಬ್ಬ. ಶನಿವಾರನೇ ತಾವೇ ಶಲ್ಯ ಒಗೆದು ಹಾಕ್ತಾರೆ. ಜಗಳೂರು ಬಿಟ್ಟು ಬಂದ ಮ್ಯಾಲೆ ಅವರು ಬಾಯಿತುಂಬಾ ಮಾತಾಡೋದು, ನಗೋದು ನಿಮ್ಮ ಅಂಗಡ್ಯಾಗೆ ಮಾತ್ರ" ಎಂದರು. ನನ್ನ ಕಾಲು ಅಲ್ಲೇ ತಡೆಯಿತು. ಆದರೂ ಒಳಗೆ ಹೋಗಿ, ಅವರ ಕಿವಿಯ ಹತ್ತಿರ ಬಾಯಿಟ್ಟು, ಶಿವಲಿಂಗಪ್ಪನವರಿಗೆ ಮೈ ಸರಿಯಿಲ್ಲ, ನಾಳೆ ಓದು ಇಲ್ಲ, ಪುಸ್ತಕದ ಹೊಲಿಗೆ ಬಿಚ್ಚಿದೆ, ಅಷ್ಟರಲ್ಲಿ ಹೊಲಿಸಿ ತರುತ್ತೇನೆ ಎಂದು ಕೂಗಿ ಕೂಗಿ ಸುಳ್ಳು ಹೇಳಿದೆ. ಸುಳ್ಳನ್ನು ಮೆಲ್ಲಗೆ ಹೇಳುವುದು ಸುಲಭ, ಕೂಗಿ ಹೇಳುವಾಗ ಅದು ನಮಗೂ ಕೇಳಿಸುತ್ತದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದು, ಪುಸ್ತಕವನ್ನು ತಂದು ಕೊಟ್ಟರು.

"ಜ್ವಾಪಾನ ತಮ್ಮಾ" ಎಂದರು, ಅಷ್ಟೇ.

ನ್ಯಾಮತಿ ಹತ್ತು ಹನ್ನೊಂದು ಮೈಲಿ. ಆಗಿನ ಬಸ್ಸು ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿತ್ತು. ಓಡುತ್ತಿತ್ತು ಎಂದದ್ದು ಬಸ್ಸಿನ ಮೇಲಿನ ಗೌರವದಿಂದ. ಏರು ಬಂದಾಗ ನಾವೆಲ್ಲ ಇಳಿದು ನೂಕುತ್ತಿದ್ದೆವು. ಶಿವಲಿಂಗಪ್ಪನವರು ಇಳಿದರೇ ಬಸ್ಸಿಗೆ ಅರ್ಧ ಉಸಿರು ಬರುತ್ತಿತ್ತು. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಹಾಲಪ್ಪನ ಮನೆ ಸೇರಿದಾಗ ಅವನ ಅವ್ವ ನಮ್ಮನ್ನು ನೋಡಿ, ಬಸ್ಸಿನಲ್ಲಿ ಬಂದಿರೋ ಒಲೆಯಲ್ಲಿ ಬಂದಿರೋ ಎಂದು ಕೇಳಿದಳು. ಒಬ್ಬಟ್ಟು ಉಂಡೆವು. ಇಂಥ ಒಬ್ಬಟ್ಟು ನಾನು ಮತ್ತೆ ಉಂಡಿಲ್ಲ ಎಂದು ಬರೆಯಬಹುದಿತ್ತು. ಆದರೆ ನಿಜ ಹೇಳಬೇಕೆಂದರೆ ಅವತ್ತು ಅದರ ರುಚಿ ನನಗೆ ಗೊತ್ತಾಗಲಿಲ್ಲ.

ನಡುಮನೆಯಲ್ಲಿ ಕಂಬಳಿ ಹಾಸಿ ಓದಲು ಕೂತೆವು. ಹಾಲಪ್ಪನ ಅವ್ವ ಅವರೆಕಾಯಿ ಬಿಡಿಸುತ್ತಾ ಬಾಗಿಲ ಬಳಿ ಕೂತಳು. ಹೊಸ ಪಾಠದ ನಕಲು ಇರಲಿಲ್ಲ, ಇದ್ದೊಂದು ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದೆವು. ಹಾಲಪ್ಪ ಒಂದು ನಗೆಮಾತು ಓದಿದ. ಓದಿ, ತಲೆಯೆತ್ತಿ ನಮ್ಮನ್ನು ನೋಡಿದ. ನಾವು ಅವನನ್ನು ನೋಡಿದೆವು. ಯಾರೂ ನಗಲಿಲ್ಲ. ನಗು ಗಂಟಲವರೆಗೆ ಬಂದು, ಎಂದಿನಂತೆ ಅಲ್ಲಿ ನಿಂತು, ಕಾಯುತ್ತಿತ್ತು. ಕಂಬಳಿಯ ಮೇಲೆ ಒಬ್ಬರು ಕೂರುವಷ್ಟು ಜಾಗವನ್ನು ನಾವು ಅರಿವಿಲ್ಲದೆ ಬಿಟ್ಟುಕೊಂಡಿದ್ದೆವು. ಮೂವರ ಕಣ್ಣೂ ಅಲ್ಲಿಗೆ ಹೋಯಿತು.

"ಮುಂದೆ ಓದ್ರಿ" ಎಂದ ಹಾಲಪ್ಪ, ಬೆವರು ಒರೆಸಿಕೊಂಡು.

ಮುಂದೆ ಓದಿದೆವು. ಎರಡನೆಯ ಮಾತಿಗೂ ಅದೇ ಪಾಡು. ಮೂರನೆಯದಕ್ಕೆ ಶಿವಲಿಂಗಪ್ಪನವರು ಬಲವಂತದಿಂದ ನಕ್ಕರು, ಅದು ಕೆಮ್ಮಿನ ಹಾಗೆ ಕೇಳಿಸಿ ಅವ್ವ ನೀರು ತಂದುಕೊಟ್ಟಳು. ಕೊನೆಗೆ ಅವಳೇ ಅವರೆಕಾಯಿ ಮೊರ ಪಕ್ಕಕ್ಕಿಟ್ಟು ಕೇಳಿದಳು:

"ಅಲ್ಲಪಾ, ಬರೇ ಓದ್ತಾ ಹೋದ್ರೆ ಹೆಂಗೆ? ಅರ್ಥ ಹೇಳೋರು ಎಲ್ಲಿ?"

ನಾನು ಪುಟ ತಿರುವಿದೆ. ಎರಡನೆಯ ಅಂಕ ಶುರುವಾಯಿತು. ಹೆಂಡತಿ, ಆಳು ಮತ್ತು ಅಳಿಯ ಧಣಿಯ ಎದುರಿಗೇ ಕೂತು, ಅವನೊಬ್ಬನನ್ನು ಬಿಟ್ಟು ಅಳಿಯನ ಮನೆಯಲ್ಲಿ ಹಬ್ಬದೂಟ ಮಾಡುವ ಹಂಚಿಕೆ ಹಾಕುತ್ತಾರೆ. ಧಣಿ ಕನ್ನಡಕ ಒರೆಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. "ಮೆಲ್ಲಗೆ ಮಾತಾಡು" ಎಂದು ಹೆಂಡತಿ ಎಂದರೆ, "ಅವರಿಗೆಲ್ಲಿ ಕೇಳಿಸಬೇಕು?" ಎಂದು ಆಳು ಹೇಳುತ್ತಾನೆ.

ಹಾಲಪ್ಪ ಆ ಸಾಲನ್ನು ಅರ್ಧ ಓದಿ ನಿಲ್ಲಿಸಿದ. ಶಿವಲಿಂಗಪ್ಪನವರ ಮೀಸೆ ಅದುರಿತು.

"ಮೇಷ್ಟ್ರೇ, ಅಯ್ನೋರಿಗೆ ನಿಜವಾಗ್ಲೂ ಕಿವಿ ಕೇಳ್ಸಲ್ವೇನ್ರಿ?" ಎಂದರು.

ಆರು ತಿಂಗಳು ಅದೇ ಧಣಿಯ ಕತೆ ಓದಿ, ಅರ್ಥ ಹೇಳಿಸಿಕೊಂಡು, ನಕ್ಕು, ಆಮೇಲೆ ಹೋಗಿ ಅದೇ ಗುಂಡಿಯಲ್ಲಿ ಬಿದ್ದವರು ಭೂಮಿಯ ಮೇಲೆ ನಾವು ಮೂವರೇ ಇರಬೇಕು. ಪುಸ್ತಕ ಮುಚ್ಚಿದೆವು. ಹಿಂದಕ್ಕೆ ಬರುವಾಗ ಬಸ್ಸು ನೂಕಲು ಕೂಡ ಯಾರಿಗೂ ಕೈ ಬರಲಿಲ್ಲ.

ಮಾರನೆಯ ದಿನ ಶಾಲೆ ಬಿಟ್ಟ ಕೂಡಲೆ ಪುಸ್ತಕ ಹಿಡಿದುಕೊಂಡು ರುದ್ರಯ್ಯನವರ ಮನೆಗೆ ಹೋದೆ. ಅವರು ಇನ್ನು ಅಂಗಡಿಗೆ ಬರುವುದಿಲ್ಲ ಎಂದುಬಿಟ್ಟರೆ? ತಂತಿಯ ಮೇಲೆ ಒಣಗುತ್ತಿದ್ದ ಆ ಶಲ್ಯ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇತ್ತು. ಮುದುಕರ ಒಂದೇ ಒಂದು ಭಾನುವಾರವನ್ನು ಒಬ್ಬಟ್ಟಿನ ಆಸೆಗೆ ಕಿತ್ತುಕೊಂಡೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಗಿತ್ತು. ಅವರು ಜಗಲಿಯ ಮೇಲೆ ಕೂತಿದ್ದರು. ಪುಸ್ತಕ ಮುಂದಿಟ್ಟು, ಮೆಲುದನಿಯಲ್ಲೇ, "ತಪ್ಪಾಯಿತು ಅಯ್ನೋರೆ" ಎಂದೆ.

"ಎಡಗಿವಿ ಹೋಗೈತಪಾ" ಎಂದರು ರುದ್ರಯ್ಯನವರು. "ಬಲಗಿವಿ ಚಲೋ ಐತೆ. ಹಾಲಪ್ಪ ಬಲಗಡೆ ಕೂತಿದ್ದ."

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಕಣ್ಣಲ್ಲಿ ನೀರು ತುಂಬಿತು. ಅವರು ಅದನ್ನು ನೋಡದವರ ಹಾಗೆ ಪುಸ್ತಕದ ಮೂಲೆ ಸರಿಮಾಡುತ್ತಾ ಕೇಳಿದರು, "ಹೆಂಗೆ ನಡೀತು? ಚೆನ್ನಾಗಿ ನಕ್ರೇನು?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಇಲ್ಲ ಅಯ್ನೋರೆ. ಒಬ್ಬರೂ ನಗಲಿಲ್ಲ."

ಅವರಿಗೆ ಒಳಗೊಳಗೇ ಖುಷಿಯಾಗುತ್ತದೆ, ಆಗಲಿ, ನಮಗೆ ಆಗಬೇಕಾದದ್ದೇ ಎಂದುಕೊಂಡಿದ್ದೆ. ಅವರ ಮುಖ ಬಾಡಿಹೋಯಿತು.

"ಅಯ್ಯೋ ಶಿವನೇ. ಹಂಗಾರೆ ನಿಮ್ಮ ನಗುವನ್ನ ನಾನೇ ಕೆಡಿಸಿಬಿಟ್ಟೆ" ಎಂದರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಮತ್ತೆ ಹೇಳಿದರು. "ನಿಮಗೆ ತಿಳಿಯಲ್ಲ ಅಂತ ನಾನು ಅರ್ಥ ಹೇಳ್ತಿರಲಿಲ್ಲ ತಮ್ಮಾ. ನನಗೆ ತಿಳೀತಿರಲಿಲ್ಲ. ಜಗಳೂರಾಗೆ ಸಣ್ಣೋನಿದ್ದಾಗ ಬಯಲಾಟಕ್ಕೆ ಹೋಗ್ತಿದ್ದೆ. ಹಾಸ್ಯಗಾರ ಬಾಯಿ ಬಿಟ್ಟ ಅಂದ್ರೆ ಊರೆಲ್ಲ ನಗೋದು. ನಾನು ಆಕಡೆ ಈಕಡೆ ಮುಖ ನೋಡೋದು. ಮನೆಗೆ ಬರೋ ಹಾದಿಯಾಗೆ ನನಗೆ ನಗು ಬರೋದು. ಹಾದಿಯಾಗೆ ಒಬ್ಬನೇ ನಕ್ರೆ ಜನ ಏನಂತಾರೆ? ತಡಕೊಂಡು ಹೋಗಿ ಮಲಗ್ತಿದ್ದೆ. ಪಂಡಿತ ಆದ ಮ್ಯಾಲೂ ಅಷ್ಟೇ. ನಿಮ್ಮ ಅಂಗಡ್ಯಾಗೆ ಅರ್ಥ ಹೇಳಾಕೆ ಹಿಡಿದೆ ನೋಡು, ಬಿಡಿಸಿ ಬಿಡಿಸಿ ಹೇಳೋ ಹೊತ್ತಿಗೆ ನನಗೂ ತಿಳಿದಿರ್ತಿತ್ತು. ನೀವೂ ಕಾದಿರ್ತಿದ್ರಿ. ನಾಲ್ಕು ಮಂದಿ ಜೊತೆ ಕೂಡಿ ನಕ್ಕಿದ್ದು ಈ ವಯಸ್ಸಿನಾಗೆ, ಅದೇ ಮೊದಲು."

ಇನ್ನು ಮೇಲೆ ಅರ್ಥ ಹೇಳುವುದಿಲ್ಲ, ಪುಸ್ತಕ ನಿನ್ನ ಹತ್ತಿರವೇ ಇರಲಿ, ಸುಮ್ಮನೆ ಬಂದು ಕೂರುತ್ತೇನೆ, ಅದಕ್ಕೆ ಅಡ್ಡಿಯಿಲ್ಲವಷ್ಟೆ ಎಂದು ಅವರೇ ನನ್ನನ್ನು ಕೇಳಿದರು. ಇದನ್ನೆಲ್ಲ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು. ಮಾತು ಕೊಟ್ಟೆ. ಅಲ್ಲಿಂದ ನೆಟ್ಟಗೆ ಶಿವಲಿಂಗಪ್ಪನವರ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಅಂದೇ ನ್ಯಾಮತಿಗೆ ಕಾರ್ಡು ಬರೆದರು.

ಭಾನುವಾರ ಹಾಲಪ್ಪ ಮೊದಲೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ರುದ್ರಯ್ಯನವರು ಬಂದ ಕೂಡಲೆ ಅವರ ಕಾಲು ಮುಟ್ಟಿದ. "ಎದ್ದೇಳಪಾ, ನಿಮ್ಮವ್ವನ ಒಬ್ಬಟ್ಟು ನನಗೂ ಒಂದು ತರಬೇಕಿತ್ತು" ಎಂದು ಅವರು ಅವನ ಬೆನ್ನು ತಟ್ಟಿದರು. ಒಗೆದ ಶಲ್ಯ ಹೊದ್ದಿದ್ದರು. ಎಂದಿನ ಜಾಗದಲ್ಲಿ ಕೂತು ಎರಡೂ ಕೈ ಮಡಿಲಲ್ಲಿಟ್ಟುಕೊಂಡರು. ನಾನು ಪುಸ್ತಕ ತೆರೆದೆ.

ಎಲ್ಲರೂ ಹಬ್ಬದೂಟಕ್ಕೆ ಹೋಗಿದ್ದಾರೆ. ಧಣಿ ಮನೆಯಲ್ಲಿ ಒಬ್ಬನೇ. ಪಕ್ಕದ ಬೀದಿಯಿಂದ ಒಬ್ಬಟ್ಟಿನ ವಾಸನೆ ಬರುತ್ತದೆ. ಅಳಿಯನ ಮನೆಯವರು ಪಾಪವೆಂದು ಬಾಗಿಲ ಹೊರಗಿಂದ ಕರೆಯುತ್ತಾರೆ, "ಊಟಕ್ಕೆ ಬರ್ರೀ!" ಧಣಿ ಎದ್ದೇಬಿಟ್ಟ. ಅಷ್ಟರಲ್ಲಿ ತಾನು ಕಿವುಡ ಎಂಬುದು ನೆನಪಾಗಿ ಕೂತ. ಮತ್ತೆ ಕರೆಯುತ್ತಾರೆ. ಮತ್ತೆ ಏಳುತ್ತಾನೆ, ಮತ್ತೆ ಕೂರುತ್ತಾನೆ. ಕರೆದವರು ಬೇಸತ್ತು ಹೊರಟುಹೋದ ಮೇಲೆ ಧಣಿ ತಲೆಯ ಮೇಲೆ ಕೈಹೊತ್ತು ಒಂದು ಮಾತು ಆಡುತ್ತಾನೆ. ಅದನ್ನು ಓದಿದೆ:

"ಹಾಳಾದ ಈ ಮೂಗಿಗೂ ಕಿವುಡು ಬಂದಿದ್ದರೆ ಆಗುತ್ತಿತ್ತು!"

ಓದಿದವನೇ ಮುಂದಿನ ಸಾಲಿಗೆ ಬಾಯಿ ತೆರೆದೆ. ಹಾಲಪ್ಪ ಕೈ ಅಡ್ಡ ಹಿಡಿದ. ಅದೇ ಹಾಲಪ್ಪ. ಅವನ ಮುಖ ನಗು ತಡೆದು ತಡೆದು ಕೆಂಪಾಗಿತ್ತು. ಶಿವಲಿಂಗಪ್ಪನವರು ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು, ಹೊಟ್ಟೆ ಮಾತ್ರ ಕುಣಿಯುತ್ತಿತ್ತು. ಯಾರೂ ಸದ್ದು ಮಾಡಲಿಲ್ಲ. ಬೀದಿಯಲ್ಲಿ ಒಂದು ಗಾಡಿ ಹಾದುಹೋಯಿತು. ರುದ್ರಯ್ಯನವರು ಹುಬ್ಬು ಗಂಟಿಕ್ಕಿ ಗಾದಿಯನ್ನೇ ನೋಡುತ್ತಿದ್ದರು. ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು, ಬೆರಳು ಒಂದೊಂದಾಗಿ ಮಡಚಿಕೊಳ್ಳುತ್ತಿತ್ತು. ನಾವು ಅವರನ್ನು ನೋಡುತ್ತಿಲ್ಲ ಎಂಬಂತೆ ಗೋಡೆಯನ್ನು, ಗಜಕೋಲನ್ನು, ಬಟ್ಟೆಯ ಥಾನುಗಳನ್ನು ನೋಡುತ್ತಾ ಕಾದೆವು. ಬಹಳ ಹೊತ್ತು ಕಾದೆವು. ಆಮೇಲೆ ಅವರ ಭುಜ ಒಮ್ಮೆ ಅಲುಗಿತು. "ಮೂಗಿಗೆ!" ಎಂದರು. ಬಾಯಿ ಅಗಲವಾಯಿತು, ಕಣ್ಣು ಮುಚ್ಚಿದವು.

ಆಗ ನಾವು ನಾಲ್ವರೂ ಒಟ್ಟಿಗೆ ನಕ್ಕೆವು.